‘ಒಂದಂಕಿ ತಪ್ಪೈತ್ರಿ ಮೇಡಂ’

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಗಂಡ ಹೆಂಡ್ತಿ, ಗಂಗಾವತಿ ಕಡೆಯವರು. ವಯಸ್ಸು, ಕೆಲಸ, ಗುರುತು ಸಿಗೋ ವಿವರ ಎಲ್ಲ ಬದಲಿಸಿದ್ದೀನಿ, ಬರೆಯೋಕೆ ಗಂಡ ಹೆಂಡ್ತಿ ಇಬ್ರೂ ಒಪ್ಪಿದ್ದಾರೆ. ಗಂಡ ರೈಸ್ ಮಿಲ್ಲಲ್ಲಿ ಗುಮಾಸ್ತರು ಅಂತ ಇಟ್ಕೊಳ್ಳಿ, ನಲವತ್ತರ ಹತ್ತಿರ. ಹೆಂಡ್ತಿ ಕರ್ಕೊಂಡು ಬಂದವರೇ ಒಂದೇ ಉಸಿರಲ್ಲಿ "ಇವರಿಗೆ ಓಸಿ ಚಟ ಹತ್ತೇತ್ರಿ ಮೇಡಂ, ನನ್ನ ಬೋರಮಾಳ ಹೋತು, ಬೈಕ್ ಹೋತು, ಇವರಣ್ಣ ಎರಡು ಸಲ ಸಾಲ ಮುಟ್ಟಿಸ್ಯಾರ, ಒಂದೀಟು ಬುದ್ಧಿ ಹೇಳ್ರಿ" ಅಂದ್ರು. ಓಸಿ ಅಂದ್ರೆ ಮಟ್ಕಾ, ಯಾವ ನಂಬರ್ ಬರುತ್ತೆ ಅಂತ ಊಹಿಸಿ ದುಡ್ಡು ಹಚ್ಚೋ ಜೂಜು. ಗಂಡ ತಲೆ ಎತ್ತಲೇ ಇಲ್ಲ.

ಬುದ್ಧಿ ಹೇಳೋರು ಮನೇಲೇ ಬೇಕಾದಷ್ಟು ಜನ ಇದ್ರು, ಅದಕ್ಕೆ ನಾನು ನಂಬರ್ ಹೆಂಗೆ ಆರಿಸ್ತೀರಿ ಅಂತಷ್ಟೇ ಕೇಳಿದೆ. ಜೇಬಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದ್ರು. ಎರಡು ವರ್ಷದ ಓಪನ್, ಕ್ಲೋಸ್ (ಬಂದ ನಂಬರಿನ ಮೊದಲನೇ, ಎರಡನೇ ಅಂಕಿ) ಎಲ್ಲ ಮಿಲ್ಲಿನ ಲೆಕ್ಕದ ಹಾಗೇ ಮುದ್ದಾಗಿ ಬರೆದಿಟ್ಟಿದ್ದಾರೆ, ಪಕ್ಕದಲ್ಲಿ ಕನಸಲ್ಲಿ ಹಾವು ಬಂದ್ರೆ ಯಾವ ನಂಬರ್, ನೀರು ಬಂದ್ರೆ ಯಾವುದು ಅಂತ. "ಮೊನ್ನೆ 47 ಬರೆಸಿದ್ದೆ ರೀ, 46 ಬಂತು. ಒಂದಂಕಿ ತಪ್ಪೈತ್ರಿ ಮೇಡಂ, ಅಷ್ಟ."

ಆ 'ಅಷ್ಟ' ಅನ್ನೋದರಲ್ಲೇ ಎಲ್ಲಾ ಇದೆ. 46 ಬಂದಾಗ 47 ಬರೆಸಿದವರೂ 12 ಬರೆಸಿದವರೂ ಒಂದೇ ಸಮ ಸೋತಿರ್ತಾರೆ, ಆದ್ರೆ ಮನಸ್ಸು ಹಾಗೆ ತಗೊಳ್ಳಲ್ಲ. 2009ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಸ್ಲಾಟ್ ಮಶೀನ್ ಥರದ ಜೂಜಾಟ ಆಡೋರ ಮೆದುಳನ್ನ ಸ್ಕ್ಯಾನ್ ಮಾಡಿ ನೋಡಿದ್ರು, ಕೂದಲೆಳೆಯಲ್ಲಿ ತಪ್ಪಿದಾಗ ಗೆದ್ದಾಗ ಚುರುಕಾಗೋ ಕೆಲವು ಭಾಗಗಳೇ ಚುರುಕಾಗ್ತಿದ್ವು. ಸೋತವನಿಗೆ ಇನ್ನೇನು ಕೈಗೆ ಬಂತು ಅನ್ನಿಸೋದು ಇದರಿಂದ ಇರಬಹುದು. ಮೇಲಿಂದ ಇವರಿಗೆ ಶುರುವಲ್ಲೇ ನೂರು ರೂಪಾಯಿಗೆ ಎಂಟು ಸಾವಿರ ಬಂದಿತ್ತು, ಆ ದಿನ ಇವತ್ತಿಗೂ ಕಣ್ಣಮುಂದಿದೆ.

ಲೆಕ್ಕ ಗೊತ್ತಿಲ್ದೆ ಆಡ್ತಾರೆ ಅನ್ಕೋಬೇಡಿ. ಅದೇ ನೋಟ್‌ಬುಕ್ ಮುಂದಿಟ್ಕೊಂಡು ಕೇಳಿದೆ, ಒಂದಕ್ಕೆ ಎಂಬತ್ತು ಕೊಡ್ತಾರಲ್ಲ, 00ಯಿಂದ 99ರ ತನಕ ನೂರೂ ಜೋಡಿಗೆ ಒಂದೊಂದು ರೂಪಾಯಿ ಹಚ್ಚಿದ್ರೆ? "ನೂರು ಹೊಕ್ಕಾವ, ಎಂಬತ್ತು ಬರ್ತಾವ" ಅಂತ ತಟ್ಟನೆ ಹೇಳಿದ್ರು. ಗೊತ್ತಿದ್ದೂ ಆಡ್ತಿದ್ರು.

ಯಾಕೆ ಅನ್ನೋದು ಮೂರನೇ ಭೇಟೀಲಿ ಬಂತು. ಅಪ್ಪ ತೀರಿಕೊಂಡ ವರ್ಷ ಆಟ ಜಾಸ್ತಿ ಆಗಿದೆ, ಆಸ್ಪತ್ರೆ ಸಾಲ, ತಂಗಿ ಮದುವೆ, ರಾತ್ರಿ ನಿದ್ದೆ ಇಲ್ಲ. "ಚೀಟಿ ಬರೆಸಿದ ಮ್ಯಾಲೆ ನಂಬರ್ ಬರೋ ತನಕ ತಲಿ ತಣ್ಣಗಿರ್ತೈತ್ರಿ, ಬ್ಯಾರೆ ಏನೂ ನೆನಪಾಗಂಗಿಲ್ಲ" ಅಂದ್ರು. ಅವರು ಕೊಳ್ತಿದ್ದಿದ್ದು ಆ ನಾಲ್ಕು ತಾಸಿನ ನೆಮ್ಮದಿ ಅಂತ ನನಗನ್ನಿಸ್ತು. ನಂಬರ್ ಬಂದ್ಮೇಲೆ ಮತ್ತೆ ಸಾಲ, ನಾಚಿಕೆ, ಕಳಕೊಂಡಿದ್ದನ್ನ ನಾಳೆನೇ ವಾಪಸ್ ತರಬೇಕು ಅನ್ನೋ ಹಟ. ಇದನ್ನ ಬರೀ ದುರಾಸೆ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಜೂಜನ್ನ ಕುಡಿತದ ಚಟದ ಜೊತೆ ಒಂದೇ ಗುಂಪಿಗೆ ಸೇರಿಸಿದೆ.

ಸಾಯೋ ಯೋಚನೆ ಬಂದಿದ್ಯಾ ಅಂತ ನೇರವಾಗಿ ಕೇಳಿದೆ, ಇಂಥವರನ್ನ ಕೇಳಲೇಬೇಕು. ಕಾಲುವೆ ಕಡೆ ಒಂದಿನ ಹೋಗಿ ಬಂದಿದ್ರಂತೆ. ಅವತ್ತೇ ಜಿಲ್ಲಾ ಆಸ್ಪತ್ರೆ ಮನೋವೈದ್ಯರಿಗೆ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ. ನಿದ್ದೆಗೆ, ಮಂಕಿಗೆ ಔಷಧಿ ಶುರುವಾಯ್ತು.

ಉಳಿದಿದ್ದು ಮನೆಯವರೆಲ್ಲ ಸೇರಿ ಮಾಡಬೇಕಾದ ಕೆಲಸ. ಸಂಬಳ ಹೆಂಡ್ತಿ ಅಕೌಂಟಿಗೆ, ಇವರ ಫೋನಿಂದ ಯುಪಿಐ ತೆಗೆದಿದ್ದು, ಎಲ್ಲಾ ಸಾಲ ಒಂದೇ ಹಾಳೇಲಿ ಬರೆದು ಅಣ್ಣನ ಮುಂದಿಟ್ಟಿದ್ದು (ಇದಕ್ಕೆ ಎರಡು ವಾರ ಹಿಡೀತು, ಮೂರು ಸಾಲ ಮುಚ್ಚಿಟ್ಟಿದ್ರು). ಅಣ್ಣನಿಗೆ ಹೇಳಿದ್ದು ಕಠಿಣ: ಕೈಗೆ ದುಡ್ಡು ಕೊಡಬೇಡಿ, ಪೂರ್ತಿ ಸಾಲನೂ ನೀವೇ ತೀರಿಸಬೇಡಿ, ತಿಂಗಳಿಗಿಷ್ಟು ಅಂತ ಅವರೇ ತೀರಿಸಲಿ. ಎರಡು ಸಲ ತೀರಿಸಿದ್ದು ಪ್ರೀತಿಯಿಂದಲೇ, ಆದ್ರೆ ಪ್ರತಿ ಸಲ ಹೊಸದಾಗಿ ಆಡೋಕೆ ಜಾಗ ಆಯ್ತು. ಇವರಿಗೆ, ಚೀಟಿ ಬರೆಯೋನು ಕೂರೋ ಚಾದಂಗಡಿ ದಾರಿ ಬಿಡಿ, ಸೆಳೆತ ಬಂದಾಗ ಅರ್ಧ ತಾಸು ತಡೀರಿ, ಅದು ಏರಿ ತಾನೇ ಇಳಿಯುತ್ತೆ, ಆ ಅರ್ಧ ತಾಸು ಯಾರ ಜೊತೆಗಾದ್ರೂ ಇರಿ ಅಂದೆ. ಅಪ್ಪನ ಬಗ್ಗೆ ಮಾತಾಡಿದ್ದು ಮಾತ್ರ ಪ್ರತಿ ವಾರ.

ಏಳನೇ ವಾರ ಒಬ್ಬರೇ ಬಂದ್ರು. "ಮೇಡಂ, ಮಂಗಳಾರ ಐವತ್ತು ರೂಪಾಯಿ ಹಚ್ಚಿದ್ದೆ ರೀ. ಅಕಿಗೆ ಹೇಳೀನ್ರಿ."

ನಂಬರ್ ಬಂದ್ಮೇಲೆ ಹೇಳಿದ್ರಾ ಅಂದೆ.

"ಇಲ್ರಿ, ಬರೋಕ್ಕಿಂತ ಮದ್ಲ ಹೇಳೀನಿ."