ಬೂಷ್ಟು, ಭಾರ, ಉಪಕರ: ವಾಚನಾಲಯದ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಂದೆ ಸರಿಯುತ್ತಿದ್ದ ಹಾಗೆ ಉತ್ತರ ಕನ್ನಡದ ವಾಚನಾಲಯಗಳಿಂದ ಪತ್ರಗಳು ಬರತೊಡಗುತ್ತವೆ. ಈ ಸಂಚಿಕೆಯಲ್ಲಿ ಅವಕ್ಕಷ್ಟೇ ಜಾಗ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಕಡಲಿಗೆ ಹತ್ತಿರದ ಹಳೆಯ ಚಿರೆಕಲ್ಲಿನ ಕಟ್ಟಡ. ಜುಲೈ ಬಂತೆಂದರೆ ಪುಸ್ತಕಗಳ ಬೆನ್ನಿಗೆ ಬೂಷ್ಟು. ಕಿಟಕಿ ತೆರೆದಿಡುತ್ತೇವೆ, ನುಸಿಗುಳಿಗೆ ಹಾಕುತ್ತೇವೆ, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತೇವೆ. ಯಾವುದೂ ನಾಟುತ್ತಿಲ್ಲ. ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಕೊಳ್ಳಬೇಕೇ? (ಕಾರವಾರ)

ಕೊಳ್ಳುವ ಮೊದಲು ಕಿಟಕಿ ಮುಚ್ಚಿ. ಗಾಳಿಯ ತೇವಾಂಶ ಶೇ. 65–70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಜಡಿಮಳೆಯ ದಿನ ಕಾರವಾರದ ಹೊರಗಾಳಿಯಲ್ಲಿ ತೇವಾಂಶ ಶೇ. 90ರ ಆಸುಪಾಸು. ಆಗ ಕಿಟಕಿ ತೆರೆದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಹೊರಗಿನದೇ ಒಳಗೆ ಬರುತ್ತದೆ. ಹೊಳವಾಗಿ ಬಿಸಿಲು ಬಿದ್ದ ದಿನ ಮಧ್ಯಾಹ್ನ ಮಾತ್ರ ತೆರೆಯಿರಿ, ಅದೂ ಮಾಪಕ ನೋಡಿ. ನುಸಿಗುಳಿಗೆಗೂ ಬೂಷ್ಟಿಗೂ ಸಂಬಂಧವಿಲ್ಲ. ಅದು ಹುಳಕ್ಕೆ, ಹುಳಕ್ಕೂ ಅಷ್ಟಕ್ಕಷ್ಟೆ, ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕೂರುವ ಸಿಬ್ಬಂದಿಯ ಆರೋಗ್ಯಕ್ಕೆ ಮಾತ್ರ ಕೆಟ್ಟದ್ದು. ಫಿನಾಯಿಲ್ ಬೆರೆಸಿದ ನೀರಿನಿಂದ ನೆಲ ಒರೆಸಿದಷ್ಟೂ ಕೋಣೆಗೆ ನೀವೇ ನೀರು ಕೊಟ್ಟ ಹಾಗೆ. ಮಳೆಗಾಲದಲ್ಲಿ ಒಣಗುಡಿಸಿದರೆ ಸಾಕು.

ಮೊದಲ ಖರೀದಿ ಎರಡು ಡಿಜಿಟಲ್ ತೇವಮಾಪಕ. ಅಗ್ಗದವು ಸಾಕು, ಆದರೆ ನಂಬುವ ಮೊದಲು ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ರಾತ್ರಿ ಕಳೆದ ಮೇಲೆ ಅದು ಶೇ. 75 ತೋರಿಸಬೇಕು. 80 ತೋರಿಸಿದರೆ ಮುಂದೆ ಅದು ತೋರಿಸುವ ಪ್ರತಿ ಅಂಕಿಯಿಂದ 5 ಕಳೆಯಿರಿ. ಒಂದು ಮಾಪಕ ಪಡುಗೋಡೆಯ ಕಪಾಟಿನ ಕೆಳಹಲಗೆಯಲ್ಲಿರಲಿ, ಇನ್ನೊಂದು ಕೋಣೆಯ ನಡುವೆ. ಇವೆರಡರ ನಡುವೆ ದೊಡ್ಡ ಅಂತರ ಕಂಡರೆ ದೋಷ ಗಾಳಿಯದ್ದಲ್ಲ, ಗೋಡೆಯದ್ದು.

ಚಿರೆಕಲ್ಲು ನೀರು ಕುಡಿಯುವ ಕಲ್ಲು. ಪಡುವಣ ಮಳೆ ನೇರ ಹೊಡೆಯುವ ಗೋಡೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಹಳೆಯ ಮನೆಗಳಲ್ಲಿ ಮಳೆ ಹಿಡಿಯುವ ಮೊದಲೇ ಆ ಬದಿಗೆ ತೆಂಗಿನ ಮಡಲಿನ ಅಥವಾ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ. ಇವತ್ತು ಅದೇ ಕೆಲಸವನ್ನು ಮುಂದೆ ಚಾಚಿದ ತಗಡಿನ ಮಾಡು ಮಾಡಬಲ್ಲದು. ಒಳಗೆ ಕಪಾಟು ಗೋಡೆಯಿಂದ ಕನಿಷ್ಠ 6 ಇಂಚು ಈಚೆಗಿರಲಿ, ಕೆಳಹಲಗೆ ನೆಲದಿಂದ 6 ಇಂಚು ಮೇಲಿರಲಿ. ಗೋಡೆಗೆ ಅಂಟಿದ ಗಾಜಿನ ಬಾಗಿಲಿನ ಕಪಾಟು ನೋಡಲು ಚೆಂದ, ಆದರೆ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಹಿಂಬದಿಯ ಹಲಗೆ ತೆಗೆಸಿಬಿಡಿ.

ಇಷ್ಟಾದ ಮೇಲೆ ಯಂತ್ರದ ಮಾತು. 20 ಅಡಿ ಅಗಲ, 30 ಅಡಿ ಉದ್ದ, 10 ಅಡಿ ಎತ್ತರದ ಕೋಣೆಗೆ ದಿನಕ್ಕೆ 30–50 ಲೀಟರ್ ನೀರೆಳೆಯುವ ಯಂತ್ರ ಬೇಕಾಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಗವಾಕ್ಷಿಗೆ ಗಾಜು ಹಾಕಿಸದೆ ಅದನ್ನು ಚಾಲೂ ಮಾಡಿದರೆ ನೀವು ಅರಬ್ಬಿ ಸಮುದ್ರ ಒಣಗಿಸಲು ಹೊರಟಂತೆ. ಗುರಿ ಶೇ. 55–60 ಇರಲಿ. ಪಠ್ಯಪುಸ್ತಕದಲ್ಲಿ ಬರೆದ ಶೇ. 45ರ ಹಿಂದೆ ಬಿದ್ದರೆ ವಿದ್ಯುತ್ ಬಿಲ್ಲು ಏರುತ್ತದೆ, ಬೇರೇನಿಲ್ಲ. ಕೊಳ್ಳುವಾಗ ಎರಡು ವಿಷಯ ಕೇಳಿ: ಕರೆಂಟು ಹೋಗಿ ಬಂದರೆ ತಾನಾಗಿ ಮತ್ತೆ ಚಾಲೂ ಆಗುತ್ತದೆಯೇ, ನೀರನ್ನು ಕೊಳವೆಯಿಂದ ನೇರ ಹೊರಗೆ ಬಿಡಬಹುದೇ. ತೊಟ್ಟಿ ತುಂಬಿದರೆ ಯಂತ್ರ ನಿಂತುಹೋಗುತ್ತದೆ. ಭಾನುವಾರ ಅದನ್ನು ಖಾಲಿ ಮಾಡುವವರು ಯಾರು? ಹಗಲು ಏ.ಸಿ. ಹಾಕಿ ರಾತ್ರಿ ಆರಿಸುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ತಣ್ಣಗಾದ ಪುಸ್ತಕಗಳ ಮೇಲೆ ರಾತ್ರಿಯ ಬೆಚ್ಚನೆಯ ತೇವಗಾಳಿ ಹನಿಗಟ್ಟುತ್ತದೆ.

ಈಗಾಗಲೇ ಬೂಷ್ಟು ಹಿಡಿದ ಪುಸ್ತಕವನ್ನು ಹಸಿ ಇರುವಾಗ ಒರೆಸಬೇಡಿ, ಕಾಗದದೊಳಕ್ಕೆ ಇಳಿಯುತ್ತದೆ. ಬೇರೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹಾಳೆ ಬಿಡಿಸಿ ನಿಲ್ಲಿಸಿ. ಬೂಷ್ಟು ಪುಡಿಯಾದ ಮೇಲೆ ಎನ್‌-95 ಮಾಸ್ಕ್, ಕೈಗವಸು ಹಾಕಿಕೊಂಡು ಹೊರಗೆ ಮೆತ್ತನೆ ಬ್ರಷ್ಷಿನಿಂದ ಝಾಡಿಸಿ. ರಟ್ಟಿಗೆ ಮಾತ್ರ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆ ಬಳಸಬಹುದು, ಮೂಲೆಯೊಂದರಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಂಡು. ಕಡುಬಿಸಿಲಿಗೆ ಹರಡಬೇಡಿ, ಕಾಗದ ಹಳದಿಯಾಗಿ ಸೆಟೆಯುತ್ತದೆ. ಅಷ್ಟೂ ಮಾಡಿ ಅದೇ ಹಸಿ ಕೋಣೆಯಲ್ಲಿಟ್ಟರೆ ಬೂಷ್ಟು ಮತ್ತೆ ಬರುತ್ತದೆ.

ಯಂತ್ರಕ್ಕೆ ಹಣವಿಲ್ಲದಿದ್ದರೆ ಖರ್ಚಿಲ್ಲದ ಒಂದು ದಾರಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಬ್ಬ ಸದಸ್ಯರಿಗೆ ಎರಡು ಪುಸ್ತಕದ ಬದಲು ಆರು ಕೊಡಿ, ಅವಧಿಯನ್ನೂ ಹೆಚ್ಚಿಸಿ. ಕೈಯಿಂದ ಕೈಗೆ ಹೋಗುವ, ತೆರೆದು ಮುಚ್ಚುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಬಲು ಕಡಿಮೆ. ಕಪಾಟೂ ಸಡಿಲಾಗಿ ಗಾಳಿಯಾಡುತ್ತದೆ.

ಪ್ರಶ್ನೆ: ಮೈದಾ ಅಂಟಿಗೆ ಮೈಲುತುತ್ತು ಬೆರೆಸಿ ಬೈಂಡ್ ಮಾಡಿದರೆ ಹುಳ ಬರುವುದಿಲ್ಲ ಎನ್ನುತ್ತಾರೆ. ನಿಜವೇ? (ಸಿದ್ದಾಪುರ)

ನಿಜ. ಮೈಲುತುತ್ತು ತಾಮ್ರದ ಲವಣ, ಹುಳಕ್ಕೂ ಬೂಷ್ಟಿಗೂ ವಿಷ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣ ಸಿಂಪಡಿಸುವ ಊರಿನವರಿಗೆ ತಾಮ್ರ ಶಿಲೀಂಧ್ರವನ್ನು ಹೇಗೆ ತಡೆಯುತ್ತದೆಂದು ಹೇಳಬೇಕಿಲ್ಲ. ಬೆಳ್ಳಿಹುಳಕ್ಕೆ ಪಿಷ್ಟವೇ ಊಟ, ಹಾಗಾಗಿ ಬರೀ ಮೈದಾ ಅಂಟು ಅದಕ್ಕೆ ಔತಣ. ಆದರೆ ತಾಮ್ರದ ಅಂಶ ಕಾಲಕ್ರಮದಲ್ಲಿ ಕಾಗದದ ನಾರನ್ನೇ ಸುಡುತ್ತದೆ. ಹತ್ತು ವರ್ಷ ಓಡಿ ಹರಿದುಹೋಗುವ ಕಾದಂಬರಿಗೆ ಅಡ್ಡಿಯಿಲ್ಲ. ಉಳಿಸಿಕೊಳ್ಳಬೇಕಾದ ಹಳೆಯ ಪ್ರತಿಗೆ ಬೇಡ. ಬಿಳಿ ಪಿ.ವಿ.ಎ. ಅಂಟು ಬಳಸುವುದಾದರೆ ತುತ್ತದ ಗೊಡವೆಯೇ ಇಲ್ಲ, ಆದರೆ ಅಂಟಿಸಿದ್ದನ್ನು ಮತ್ತೆ ಬಿಚ್ಚುವುದು ಕಷ್ಟ.

ಪ್ರಶ್ನೆ: ಕಪಾಟುಗಳೆಲ್ಲ ತುಂಬಿವೆ. ಮೇಲ್ಮಹಡಿಯ ಕೋಣೆಗೆ ಹೊಸ ರ‍್ಯಾಕ್ ಹಾಕಿ ವಿಸ್ತರಿಸುವ ಯೋಚನೆ. ಕಟ್ಟಡ ಮೊದಲು ಮನೆಯಾಗಿತ್ತು. (ಶಿರಸಿ)

ಇಂಜಿನಿಯರರನ್ನು ಕರೆಸದೆ ಒಂದು ರ‍್ಯಾಕನ್ನೂ ಮೇಲೇರಿಸಬೇಡಿ. ಭಾರತೀಯ ಮಾನಕ ಐ.ಎಸ್. 875ರ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಪುಸ್ತಕ ದಾಸ್ತಾನಿನ ಕೋಣೆಗೆ 6 ಕಿಲೋನ್ಯೂಟನ್, ಅದೂ 2.2 ಮೀಟರ್ ಎತ್ತರದವರೆಗೆ ಮಾತ್ರ. ಮೂರು ಪಟ್ಟು ವ್ಯತ್ಯಾಸ! 3 ಅಡಿ ಅಗಲ, ಆರು ಹಲಗೆಯ ಎರಡು ಮುಖದ ರ‍್ಯಾಕಿನಲ್ಲಿ ಹಲಗೆಗೆ 35ರಂತೆ 420 ಪುಸ್ತಕ ಹಿಡಿಯುತ್ತವೆ. ಒಂದಕ್ಕೆ 300 ಗ್ರಾಂ ಎಂದರೂ 126 ಕಿಲೋ, ಮೇಲೆ ಕಬ್ಬಿಣದ ತೂಕ, ಎಲ್ಲವೂ ಅರ್ಧ ಚದರ ಮೀಟರ್‌ ನೆಲದ ಮೇಲೆ. ಬೈಂಡ್ ಮಾಡಿದ ಪತ್ರಿಕೆಗಳ ಸಂಪುಟವಿಟ್ಟರೆ ಇದು ಎಲ್ಲಿಗೋ ಹೋಗುತ್ತದೆ. ಮರದ ತೊಲೆಯ ಮೆತ್ತು (ಮಹಡಿ) ಆದರೆ ಯೋಚನೆಯನ್ನೇ ಬಿಡಿ. ಸರಿಯಾದ ಅದಲುಬದಲು ಇದು: ಓದುವ ಮೇಜು ಮೇಲಕ್ಕೆ, ಪುಸ್ತಕ ಕೆಳಕ್ಕೆ. ಮೇಜು ಹಾಕುವುದಕ್ಕೂ ನೆಲದ ಬಲ ನೋಡಿಸಲೇಬೇಕು, ಓದುವ ಕೋಣೆಗೆ ಮಾನಕ ಕೇಳುವುದು ಕನಿಷ್ಠ 3 ಕಿಲೋನ್ಯೂಟನ್. ಮೆಟ್ಟಿಲು ಹತ್ತಲಾರದವರಿಗೆ ನಾಲ್ಕು ಕುರ್ಚಿ ಕೆಳಗೇ ಇರಲಿ.

ಇದಕ್ಕಿಂತ ಮೊದಲಿನ ಕೆಲಸ ಕಳೆ ಕೀಳುವುದು. ಪ್ರತಿ ಪುಸ್ತಕದ ಹಿಂದೆ ಅಂಟಿಸಿದ ದಿನಾಂಕದ ಚೀಟಿ ನೋಡಿ. ಐದು ವರ್ಷ ಯಾರೂ ಒಯ್ಯದ್ದು, ಮೂರನೆಯ ಪ್ರತಿ, ಮೂರು ವರ್ಷ ಹಳೆಯ ಸ್ಪರ್ಧಾ ಪರೀಕ್ಷೆಯ ಗೈಡು, 2017ರ ಜುಲೈಗೆ ಮುಂಚಿನ ಮಾರಾಟ ತೆರಿಗೆಯ ಕೈಪಿಡಿ ಇವನ್ನೆಲ್ಲ ಬೇರೆ ಗುಡ್ಡೆ ಹಾಕಿ. ಸ್ಥಳೀಯ ಲೇಖಕರದ್ದು, ಜಿಲ್ಲೆಯ ಇತಿಹಾಸ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ ಇವನ್ನು ಚೀಟಿ ಖಾಲಿಯಿದ್ದರೂ ಮುಟ್ಟಬೇಡಿ. ಬೇರೆ ಊರಿನ ಗ್ರಂಥಾಲಯದಲ್ಲಿ ಅವು ಸಿಗುವುದಿಲ್ಲ. ಇಲಾಖೆಯ ಗ್ರಂಥಾಲಯವಾದರೆ ಪಟ್ಟಿ ಮಾಡಿ, ಮೇಲಧಿಕಾರಿಗಳ ಲಿಖಿತ ಒಪ್ಪಿಗೆ ಪಡೆದು, ದಾಖಲಾತಿ ವಹಿಯಲ್ಲಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಮೇಲೆಯೇ ಹೊರಗೆ ಕಳಿಸಬೇಕು. ಇಲ್ಲವಾದರೆ ಲೆಕ್ಕಪರಿಶೋಧನೆಯಲ್ಲಿ ಗ್ರಂಥಪಾಲಕರ ಕುತ್ತಿಗೆಗೆ ಬರುತ್ತದೆ. ಕಳೆ ಕಿತ್ತ ಮೇಲೂ ಹಲಗೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಬಿಗಿಯಾಗಿ ತುರುಕಿದ ಪುಸ್ತಕವನ್ನು ಓದುಗರು ಬೆನ್ನಿನ ಮೇಲ್ತುದಿಯ ತಲೆಪಟ್ಟಿ ಹಿಡಿದು ಎಳೆಯುತ್ತಾರೆ, ಬೆನ್ನು ಕಿತ್ತು ಬರುತ್ತದೆ.

ಹೊಸ ರ‍್ಯಾಕ್ ಘಟ್ಟದ ಕೆಳಗಿನವರಿಗಾದರೆ ಒಂದು ಸೇರಿಕೆ: ಪೌಡರ್ ಕೋಟಿಂಗ್ 60–80 ಮೈಕ್ರಾನ್ ಇರಲಿ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವಿರಲಿ. ಉಪ್ಪುಗಾಳಿಯ ತುಕ್ಕು ಹುಟ್ಟುವುದು ಹಲಗೆಯ ನಡುವೆ ಅಲ್ಲ, ಕತ್ತರಿಸಿದ ಅಂಚು ಮತ್ತು ಬೋಲ್ಟಿನ ತೂತಿನಲ್ಲಿ. ಹಳಿಯ ಮೇಲೆ ಜರುಗುವ ಕಂಪ್ಯಾಕ್ಟರ್ ರ‍್ಯಾಕು ಜಾಗ ಉಳಿಸುತ್ತದೆ, ಆದರೆ ಕಡಲ ಬದಿಯಲ್ಲಿ ಹಳಿಗಳು ಬೇಗ ಬಿಗಿಯುತ್ತವೆ.

ಪ್ರಶ್ನೆ: ಮನೆ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಉಪಕರ ಇದೆ. ಈ ಹಣ ನಮ್ಮ ಊರಿನ ಗ್ರಂಥಾಲಯಕ್ಕೆ ಬರುತ್ತದೆಯೇ? (ಕುಮಟಾ)

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಉಪಕರ. 4,000 ರೂಪಾಯಿ ತೆರಿಗೆಗೆ 240 ರೂಪಾಯಿ. ವಸೂಲಿ ಮಾಡುವುದು ಪುರಸಭೆ, ಅದು ಸೇರಬೇಕಾದದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ. ಪ್ರತ್ಯೇಕ ನಗರ ಪ್ರಾಧಿಕಾರವಿಲ್ಲದ ಊರುಗಳಿಗೆ ಜಿಲ್ಲಾ ಪ್ರಾಧಿಕಾರ. ಅಂದರೆ ಹಣ ಊರಿನ ಹೆಸರಿನಲ್ಲಿ ಅಲ್ಲ, ಜಿಲ್ಲೆಯ ನಿಧಿಗೆ ಹೋಗುತ್ತದೆ. ತಡೆ ಬೀಳುವುದು ಸಾಮಾನ್ಯವಾಗಿ ಈ ಎರಡರ ನಡುವೆ: ವಸೂಲಾದದ್ದು ಪುರಸಭೆಯ ಸಾಮಾನ್ಯ ಖಾತೆಯಲ್ಲೇ ಕುಳಿತಿರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಪುರಸಭೆಗೆ ಕೇಳಬೇಕಾದದ್ದು ಮೂರೇ: ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಉಪಕರ ವರ್ಷವಾರು ಎಷ್ಟು, ಪ್ರಾಧಿಕಾರಕ್ಕೆ ಪಾವತಿಸಿದ್ದು ಯಾವ ದಿನಾಂಕದಂದು ಎಷ್ಟು, ಬಾಕಿ ಎಷ್ಟು. ಅದೇ ದಿನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಎರಡನೆಯ ಅರ್ಜಿ ಹಾಕಿ, ಪುರಸಭೆಯಿಂದ ಬಂದದ್ದು ಎಷ್ಟೆಂದು. ಎರಡು ಉತ್ತರ ತಾಳೆಯಾಗದಿದ್ದರೆ ಆ ಕಾಗದ ಹಿಡಿದು ವಾರ್ಡಿನ ಸದಸ್ಯರ ಬಳಿ ಹೋಗಿ. “ಏಕೆ” ಎಂದು ಕೇಳಬೇಡಿ. ಅಂಕಿ ಕೇಳಿದರೆ ಅಂಕಿ ಬರುತ್ತದೆ, ಕಾರಣ ಕೇಳಿದರೆ ಅರ್ಜಿ ವಾಪಸು ಬರುತ್ತದೆ.

ಸಂಘ ನಡೆಸುವ ನೋಂದಾಯಿತ ವಾಚನಾಲಯಗಳಿಗೆ ಇನ್ನೊಂದು ಬಾಗಿಲು ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. 1972ರಲ್ಲಿ ಸ್ಥಾಪನೆಯಾದ ಇದು ಪುಸ್ತಕ, ಕಪಾಟು, ಕಟ್ಟಡಕ್ಕೆ ನೆರವು ಕೊಡುತ್ತದೆ. ನೋಂದಣಿ ಪತ್ರ, ಲೆಕ್ಕಪರಿಶೋಧಿತ ಜಮಾಖರ್ಚು, ಜಾಗದ ದಾಖಲೆ ಸಿದ್ಧವಿಟ್ಟುಕೊಂಡೇ ಅರ್ಜಿ ಬರೆಯಿರಿ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪುಸ್ತಕಪಟ್ಟಿಯನ್ನು ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವಾದ ಕೋಹಾಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರ ಬರುತ್ತಿದೆ. (ಹೊನ್ನಾವರ)

ಹಳೆಯ ನುಡಿ, ಬರಹ ಕಡತಗಳಲ್ಲಿ ಇರುವುದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಕಡತವನ್ನು ಯು.ಟಿ.ಎಫ್.-8 ಆಗಿ ಉಳಿಸಿ, ಆಮೇಲೆ 50 ದಾಖಲೆ ಮಾತ್ರ ಹಾಕಿ ನೋಡಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಹೆಚ್ಚಾಗಿ ಕೆಡುತ್ತವೆ, ಅವನ್ನು ಕಣ್ಣಲ್ಲೇ ನೋಡಬೇಕು. ಲೇಖಕರ ಹೆಸರಿಗೆ ಒಂದೇ ರೂಪ ಗೊತ್ತುಮಾಡಿ. ಇನಿಶಿಯಲ್ ಮುಂದೆಯೋ ಹಿಂದೆಯೋ, ಚುಕ್ಕಿಯ ನಂತರ ಜಾಗ ಬಿಡಬೇಕೋ ಬೇಡವೋ ಎಂದು ಗೋಡೆಗೆ ಬರೆದು ಅಂಟಿಸಿ. ಇಲ್ಲದಿದ್ದರೆ ಒಬ್ಬರೇ ಲೇಖಕರು ಹುಡುಕಾಟದಲ್ಲಿ ಮೂವರಾಗುತ್ತಾರೆ. ಕೋಹಾದ ದಾಖಲೆಯಲ್ಲಿ ಪ್ರತಿ ವಿವರಕ್ಕೂ ಸಂಖ್ಯೆ ಕೊಟ್ಟ ಒಂದು ಅಂಕಣವಿದೆ (ಇದನ್ನು ಮಾರ್ಕ್ ಎನ್ನುತ್ತಾರೆ): ಲೇಖಕರು 100ರಲ್ಲಿ, ಶೀರ್ಷಿಕೆ 245ರಲ್ಲಿ, ಪ್ರತಿಯ ವಿವರ 952ರಲ್ಲಿ. ಕರಾವಳಿಯಲ್ಲಿ ಭಾಷೆಯ ಅಂಕಣವಾದ 041ನ್ನು ಬಿಡಲೇಬೇಡಿ: ಕೊಂಕಣಿ ಪುಸ್ತಕ ಕನ್ನಡ ಲಿಪಿಯಲ್ಲೂ ಇರುತ್ತದೆ, ದೇವನಾಗರಿಯಲ್ಲೂ ಇರುತ್ತದೆ, ಭಾಷೆಯ ಸಂಕೇತವಿಲ್ಲದೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಬಾರ್‌ಕೋಡ್ ಚೀಟಿ ರಿಬ್ಬನ್ ಬಳಸುವ ಪ್ರಿಂಟರಿನದ್ದಿರಲಿ. ಬಸ್ ಟಿಕೆಟಿನಂಥ ಥರ್ಮಲ್ ಕಾಗದ ನಮ್ಮ ಸೆಕೆಗೆ ಬೇಗ ಮಾಸುತ್ತದೆ.

ಪ್ರಶ್ನೆ: ಅಜ್ಜನ ಕಾಲದ ನಾಲ್ಕು ಪೆಟ್ಟಿಗೆ ಪುಸ್ತಕ ದಾನ ಕೊಡಹೋದರೆ ಪಟ್ಟಿ ತನ್ನಿ ಎಂದರು. ಇದು ಸರಿಯೇ? (ಅಂಕೋಲಾ)

ಸರಿ. ಅಟ್ಟದ ಪೆಟ್ಟಿಗೆಯಲ್ಲಿ ಪುಸ್ತಕದ ಜೊತೆ ಒರಲೆ, ಬೆಳ್ಳಿಹುಳ, ಅವುಗಳ ಮೊಟ್ಟೆಯೂ ಇರಬಹುದು. ಗ್ರಂಥಾಲಯದವರಿಗೂ ಒಂದು ಮಾತು: ದಾನ ಬಂದದ್ದನ್ನು ಎರಡು ವಾರ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಿಡಿ. ತಳದಲ್ಲಿ ಪುಡಿ ಉದುರಿದ್ದರೆ ಚೀಲ ಸಮೇತ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದು ಒಂದು ದಿನ ಕಾದು, ಚೀಲದ ಮೇಲಿನ ಹನಿ ಆರಿದ ಮೇಲೆಯೇ ಬಿಚ್ಚಿ. ಅಂಕೋಲೆಯವರು ಪಟ್ಟಿ ಮಾಡುವಾಗ 1930ರ ಉಪ್ಪಿನ ಸತ್ಯಾಗ್ರಹದ ಕಾಲದ ಕರಪತ್ರ, ಪತ್ರ, ಫೋಟೊ ಸಿಕ್ಕರೆ ಪುಸ್ತಕದ ಲೆಕ್ಕಕ್ಕೆ ಸೇರಿಸದೆ ಪ್ರತ್ಯೇಕ ತೋರಿಸಿ. ಪೆಟ್ಟಿಗೆಯಲ್ಲಿ ಬೆಲೆಬಾಳುವುದು ಅದೇ ಇರಬಹುದು.

ಪ್ರಶ್ನೆ: ಹಳೆಯ ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಬಹುದೇ? (ಗೋಕರ್ಣ)

ಕವಿ ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆದಿದ್ದರೆ ಹಾಕಬಹುದು. 1960ರಲ್ಲಿ ತೀರಿಕೊಂಡವರ ಕೃತಿಸ್ವಾಮ್ಯದ ಹಕ್ಕು (ಕಾಪಿರೈಟ್) 2020ರ ಕೊನೆಯವರೆಗೆ ಇತ್ತು. ಆದರೆ ಅದೇ ಪ್ರಸಂಗದ ಹೊಸ ಮುದ್ರಣದ ಮುನ್ನುಡಿ, ಟಿಪ್ಪಣಿಗೆ ಬೇರೆ ಹಕ್ಕುದಾರರಿರುತ್ತಾರೆ, ಆ ಪುಟ ಬಿಡಿ. ಹಕ್ಕು ಮುಗಿಯದ ಪುಸ್ತಕದ ಪ್ರತಿ ನಿಮ್ಮಲ್ಲಿದ್ದರೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ಅದನ್ನು ಕಾಪಿಡಲು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಲು ಕಾಯ್ದೆ ಬಿಡುತ್ತದೆ, ಜಾಲಕ್ಕೆ ಏರಿಸಲು ಬಿಡುವುದಿಲ್ಲ. ಪುಡಿಯಾಗುವ ಕಾಗದವನ್ನು ಚಪ್ಪಟೆ ಸ್ಕ್ಯಾನರಿಗೆ ಒತ್ತಬೇಡಿ. ಮೇಲಿಂದ ಕ್ಯಾಮೆರಾ ಇಟ್ಟು, ಎರಡೂ ಬದಿ ದೀಪ ಹಚ್ಚಿ, ಇಂಚಿಗೆ 300–400 ಚುಕ್ಕಿಯ ಲೆಕ್ಕದಲ್ಲಿ ತೆಗೆಯಿರಿ. ಮೂಲಪ್ರತಿ ಟಿಫ್ (ಗುಣಮಟ್ಟ ಕುಂದದ ಚಿತ್ರಕಡತ) ರೂಪದಲ್ಲಿ ಎರಡು ಹಾರ್ಡ್ ಡಿಸ್ಕಿನಲ್ಲಿರಲಿ, ಒಂದು ಡಿಸ್ಕು ಬೇರೆ ಊರಿನಲ್ಲಿರಲಿ.