ದಾವಣಗೆರೆಯಲ್ಲಿ ಓದುವವರಿಗೆ ಲಿಂಕ್ಡ್‌ಇನ್‌ನಿಂದ ನಿಜವಾಗಿ ಕೆಲಸ ಸಿಗುತ್ತಾ?

ಸಿಗಬಹುದು, ಆದರೆ ಪ್ರೊಫೈಲ್ ತೆರೆದು ಸುಮ್ನೆ ಬಿಟ್ಟರೆ ಇಲ್ಲ. ಕಂಪನಿಯ ನೇಮಕಾತಿಯವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ ಅಲ್ವಾ? ಅವರು ಕೌಶಲ, ಹುದ್ದೆ, ಊರು ಟೈಪ್ ಮಾಡಿ ಹುಡುಕುತ್ತಾರೆ. ನಿಮ್ಮ ಹೆಸರಿನ ಕೆಳಗಿನ ಸಾಲಿನಲ್ಲಿ ಬರೀ ‘ವಿದ್ಯಾರ್ಥಿ, ಬಿಐಇಟಿ ದಾವಣಗೆರೆ’ ಅಂತಿದ್ದರೆ ಆ ಹುಡುಕಾಟದಲ್ಲಿ ನೀವು ಸಿಗುವುದೇ ಕಷ್ಟ. ಆ ಸಾಲಿಗೆ 220 ಅಕ್ಷರಗಳ ಜಾಗವಿದೆ. ‘ಎಲೆಕ್ಟ್ರಿಕಲ್ ಕೊನೆಯ ವರ್ಷ, ಮ್ಯಾಟ್‌ಲ್ಯಾಬ್, ವಿಂಡ್ ಪವರ್ ಪ್ರಾಜೆಕ್ಟ್’ ಎನ್ನುವಂತೆ ತುಂಬಿ. ಇಂಗ್ಲಿಷ್ ಲಿಪಿಯಲ್ಲೇ ಬರೆಯಿರಿ, ಅವರು ಟೈಪ್ ಮಾಡುವುದು ಹಾಗೆಯೇ.

ಪೋಸ್ಟ್ ಏನು ಹಾಕುವುದು? ಮೋಟಿವೇಶನ್ ಮಾತು ಬೇಡ, ಅದು ಈಗಾಗಲೇ ಜಾಸ್ತಿ ಆಗಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಬಗ್ಗೆ ಪ್ರಾಜೆಕ್ಟ್ ಮಾಡಿದ್ದೀರಿ ಅಂದುಕೊಳ್ಳಿ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ಅದನ್ನು ತೋರಿಸುವ ನಿಮ್ಮದೇ ಗ್ರಾಫ್ ಹಾಕಿ, ಕೆಳಗೆ ನಾಲ್ಕು ಸಾಲು ಬರೆಯಿರಿ. ಆ ಕ್ಷೇತ್ರದ ಎಂಜಿನಿಯರ್ ಒಬ್ಬರು ನೋಡಿದರೆ, ಈ ಹುಡುಗಿಗೋ ಹುಡುಗನಿಗೋ ವಿಷಯ ಗೊತ್ತಿದೆ ಅಂತ ಅವರಿಗೆ ತಿಳಿಯುತ್ತದೆ. ಅಂಕಪಟ್ಟಿ ಅಷ್ಟು ಹೇಳುವುದಿಲ್ಲ.

ಇನ್ನು ಕೆಲಸ ಕೊಡಿಸ್ತೀನಿ ಅಂತ ಮೆಸೇಜ್‌ನಲ್ಲಿ ಮುಂಗಡ ದುಡ್ಡು ಕೇಳುವವರನ್ನು ಬ್ಲಾಕ್ ಮಾಡಿ.