18 ಎಂಎಂ ಹಲಗೆ, 12 ಎಂಎಂ ಪಕ್ಕ: ಪಾಕೆಟ್ ಹೋಲ್ ಸ್ಕ್ರೂ ಎಷ್ಟುದ್ದ ಇರಬೇಕು?

ಪ್ರಶ್ನೆ: ಮನೆಯಲ್ಲೇ ಪುಸ್ತಕದ ಶೆಲ್ಫ್ ಮಾಡುತ್ತಿದ್ದೇನೆ. ಅಡ್ಡ ಹಲಗೆಗೆ 18 ಎಂಎಂ ಪ್ಲೈವುಡ್, ಪಕ್ಕಗಳಿಗೆ ವಾರ್ಡ್‌ರೋಬ್ ಮಾಡಿಸಿದಾಗ ಉಳಿದಿದ್ದ 12 ಎಂಎಂ ಪ್ಲೈ. ಜಿಗ್ಗನ್ನು (ಪಾಕೆಟ್ ಹೋಲ್, ಅಂದರೆ ಸ್ಕ್ರೂ ಕೂರುವ ಓರೆ ತೂತು ಕೊರೆಯಲು ಬಿಟ್‌ಗೆ ದಾರಿ ತೋರುವ ಸಾಧನ) 18ಕ್ಕೆ ಇಟ್ಟು ಅಡ್ಡ ಹಲಗೆಗಳಿಗೆ ತೂತು ಕೊರೆದೆ. 32 ಎಂಎಂ ಸ್ಕ್ರೂ ತಿರುಗಿಸಿದರೆ ಮೊನೆ ಪಕ್ಕದ ಹಲಗೆ ದಾಟಿ ಆಚೆ ಬಂತು. ಸ್ಕ್ರೂ ಬದಲಿಸಬೇಕಾ, ಜಿಗ್ ಬದಲಿಸಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ. 18ಕ್ಕೆ 32 ಎಂಎಂ ಸ್ಕ್ರೂ ಅನ್ನುವ ಲೆಕ್ಕ ಎರಡೂ ಹಲಗೆ 18 ಇದ್ದಾಗ ಮಾತ್ರ. ಪಾಕೆಟ್ ಹೋಲ್ ಸುಮಾರು 15 ಡಿಗ್ರಿ ಓರೆಯಲ್ಲಿ ಹೋಗುತ್ತದೆ. ಸ್ಕ್ರೂವಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊರೆದ ಹಲಗೆಯಲ್ಲೇ ಉಳಿಯುತ್ತದೆ. ಉಳಿದ 14-15 ಎಂಎಂ ಎದುರಿನ ಹಲಗೆಗೆ ಇಳಿಯುತ್ತದೆ. ಅಲ್ಲಿರುವುದೇ 12 ಎಂಎಂ ಅಂದಮೇಲೆ ಆಚೆ ಬರದೆ ಇನ್ನೇನು?

ಜಿಗ್ 18ರಲ್ಲೇ ಇಟ್ಟು 25 ಎಂಎಂ ಸ್ಕ್ರೂ ಹಾಕಿದರೆ ಮೊನೆ ಹೊರಗೆ ಬರುವುದಿಲ್ಲ, ನಿಜ. ಆದರೆ ಹಿಡಿತ ಸಿಗುವುದು 7-8 ಎಂಎಂ ಅಷ್ಟೇ. ಶೋಪೀಸ್ ಇಡುವ ಶೆಲ್ಫ್‌ಗೆ ಸಾಕು. ಪುಸ್ತಕಕ್ಕೆ ನಾನು ಒಪ್ಪುವುದಿಲ್ಲ.

ಹೀಗೆ ಮಾಡಿ. ತೂತು 18 ಎಂಎಂ ಹಲಗೆಗೇ ಇರಲಿ, ಆದರೆ ಜಿಗ್ಗನ್ನು ತೆಳು ಹಲಗೆಯ ಅಳತೆಗೆ, ಅಂದರೆ 12ಕ್ಕೆ ಇಡಿ. ತೂತಿನ ಆಳಕ್ಕೆ ಮಿತಿ ಹಾಕಲು ಬಿಟ್‌ಗೆ ಬಿಗಿಯುವ ಕಾಲರನ್ನೂ (ಬಳೆ) 12ಕ್ಕೆ ತನ್ನಿ. ಸ್ಕ್ರೂ 25 ಎಂಎಂ. ಈಗ ತೂತು ಹಲಗೆಯ ಅಂಚಿನ ನಡುವೆ ಬರದೆ ಕೊರೆದ ಮುಖದ ಕಡೆಗೆ ಸ್ವಲ್ಪ ಸರಿದು ಬರುತ್ತದೆ. ಅದರಿಂದ ತೊಂದರೆಯಿಲ್ಲ. ಸ್ಕ್ರೂ ಪಕ್ಕದ ಹಲಗೆಯೊಳಗೆ ಸುಮಾರು 10 ಎಂಎಂ ಹೋಗಿ ನಿಲ್ಲುತ್ತದೆ. ಜಿಗ್ 12ಕ್ಕೆ ಇಟ್ಟು ಕಾಲರ್ ಮರೆತಿರೋ, ಬಿಟ್ ಅಗತ್ಯಕ್ಕಿಂತ ಆಳ ಹೋಗಿ ಮತ್ತೆ ಅದೇ ಕಥೆ.

ಒಂದೊಂದು ಕಂಪನಿಯ ಜಿಗ್ ಒಂದೊಂದು ಥರ. ಹಾಗಾಗಿ ಮೊದಲು ಚೂರು ಹಲಗೆಯೊಂದಕ್ಕೆ ಕೊರೆಯಿರಿ. ಸ್ಕ್ರೂವಿನ ತಲೆ ತೂತಿನ ಮೆಟ್ಟಿಲಿಗೆ (ಅಗಲ ತೂತು ಕಿರಿದಾಗುವ ಜಾಗ) ತಾಗುವವರೆಗೆ ತಿರುಗಿಸಿ. ಅಂಚಿನಿಂದ ಎಷ್ಟು ಹೊರಗೆ ಬಂದಿದೆ ಅಂತ ಸ್ಕೇಲ್ ಇಟ್ಟು ನೋಡಿ. ಎದುರಿನ ಹಲಗೆಯ ದಪ್ಪಕ್ಕಿಂತ 2 ಎಂಎಂ ಕಡಿಮೆ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ದಪ್ಪವನ್ನೂ ಅಳೆದೇ ನೋಡಿ, ಅಂಗಡಿಯವರ ಮಾತು ನಂಬಬೇಡಿ. 18 ಅಂತ ಕೊಟ್ಟಿದ್ದು 17 ಚಿಲ್ಲರೆ ಇರುತ್ತದೆ. ಅದಕ್ಕೇ ಎರಡೂ ಕಡೆ ಮೈಕಾ ಅಂಟಿಸಿದರೆ 20ರ ಹತ್ತಿರ ಹೋಗುತ್ತದೆ.

ಈಗಾಗಲೇ 18ರ ಲೆಕ್ಕದಲ್ಲಿ ಕೊರೆದ ಹಲಗೆಗಳನ್ನು ಎಸೆಯಬೇಡಿ. ಅವಕ್ಕೆ 25 ಎಂಎಂ ಸ್ಕ್ರೂ, ಅಂಟು ಎರಡೂ ಹಾಕಿ, ಕೆಳಗೆ ಪಕ್ಕದ ಹಲಗೆಗೆ ಒಂದು ಮರದ ಪಟ್ಟಿ ಕೊಡಿ. ಭಾರ ಪಟ್ಟಿಯ ಮೇಲೆ ಕೂರುತ್ತದೆ, ಸ್ಕ್ರೂ ಸುಮ್ನೆ ಎಳೆದು ಹಿಡಿದಿರುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ಬಡಗಿಗಳು ಎಲ್ಲದಕ್ಕೂ ಬಳಸುವ ಕಪ್ಪು ಜಿಪ್ಸಂ ಸ್ಕ್ರೂ ಇಲ್ಲಿ ಬೇಡ. ಅದರ ತಲೆಯ ಅಡಿ ಇಳಿಜಾರು. ಬಿಗಿಯುತ್ತಾ ಹೋದಂತೆ ಬೆಣೆ ಹೊಡೆದ ಹಾಗೆ ಪ್ಲೈ ಪದರ ಬಿಡಿಸುತ್ತದೆ. ತಲೆಯ ಅಡಿ ಚಪ್ಪಟೆ ಇರುವ ಪಾಕೆಟ್ ಹೋಲ್ ಸ್ಕ್ರೂ ತನ್ನಿ, ಪ್ಲೈವುಡ್‌ಗೆ ಅಗಲ ಮರೆಯದ್ದೇ (ಸುತ್ತುಗಳ ನಡುವೆ ಅಂತರ ಜಾಸ್ತಿ ಇರುವ, ಕೋರ್ಸ್ ಥ್ರೆಡ್) ಬೇಕು. ಡ್ರಿಲ್ಲಿನ ಕ್ಲಚ್ ಕಡಿಮೆಯಲ್ಲಿಡಿ. ಕೊನೆಯ ಒಂದೆರಡು ಸುತ್ತು ಕೈಯಲ್ಲೇ ತಿರುಗಿಸಿದರೆ ಇನ್ನೂ ಒಳ್ಳೆಯದು. ಸ್ಕ್ರೂ ಓರೆಯಾಗಿ ಹೋಗುವುದರಿಂದ ಬಿಗಿಯುವಾಗ ಹಲಗೆ ಜಾರುತ್ತದೆ, ಕ್ಲಾಂಪ್ ಹಾಕದೆ ಕೈ ಹಚ್ಚಬೇಡಿ. ಅಂಚಿನಿಂದ ಎರಡು ಇಂಚು ಬಿಟ್ಟು, ಆಮೇಲೆ ಆರಾರು ಇಂಚಿಗೆ ಒಂದು ತೂತು ಸಾಕು. ಕಣ್ಣಿನ ಮಟ್ಟಕ್ಕಿಂತ ಮೇಲಿನ ಹಲಗೆಗಳಿಗೆ ತೂತು ಮೇಲ್ಮುಖಕ್ಕೆ, ಕೆಳಗಿನವಕ್ಕೆ ಅಡಿಮುಖಕ್ಕೆ ಕೊರೆದರೆ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ: 18 ಎಂಎಂ ಮತ್ತು 12 ಎಂಎಂ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಟೇಬಲ್ ಮೇಲ್ಭಾಗ ಮಾಡಬಹುದಾ?
– ಓದುಗರು, ಶಿರಸಿ

ಉತ್ತರ: ಹಾಗೇ ಸೇರಿಸಬೇಡಿ. ಮೇಲ್ಮುಖ ಸಮ ಬರುವಂತೆ ಇಟ್ಟು 18ರಲ್ಲಿ ಕೊರೆದರೆ, ಸ್ಕ್ರೂ 12ರ ಅಂಚಿನಲ್ಲಿ ಅದರ ಅಡಿಮುಖದಿಂದ ಬರೀ 3 ಎಂಎಂ ದೂರದಲ್ಲಿ ಒಳಗೆ ಹೋಗುತ್ತದೆ. ಪದರ ಎದ್ದೇ ಏಳುತ್ತದೆ. 12ರ ಅಡಿಗೆ 6 ಎಂಎಂ ಪ್ಲೈ ಅಂಟಿಸಿ, ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಡಿ. ಎರಡೂ 18 ಆದಮೇಲೆ ಜಿಗ್ 18, ಸ್ಕ್ರೂ 32. ತೂತು ಅಡಿಮುಖಕ್ಕೇ ಇರಲಿ.